ಗೋಮಾಳಕ್ಕೆ ಎಷ್ಟು ಮರ, ಯಾವ ಮರ?

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಬೆಂಗಳೂರು ತ್ಯಾಗರಾಜನಗರದ ಗೆಳೆಯರ ಪರವಾಗಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷ ತುಂಬಿದ ನಿಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಮೊಟ್ಟಮೊದಲು ನಮ್ಮ ಹೃತ್ಪೂರ್ವಕ ಅಭಿನಂದನೆಗಳು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಊರಿನ ರೈತರನ್ನು ಕೂಡಿಸಿ ಸಹಕಾರ ಸಂಘ ಕಟ್ಟಿದರು. ಒಬ್ಬನ ಕೈಲಿ ಆಗದ್ದನ್ನು ಹತ್ತು ಜನ ಸೇರಿ ಮಾಡೋಣ ಎಂಬ ಆ ಮಾತು ಇವತ್ತು ನಿಮ್ಮೂರ ಹಾಲಿನ ಕ್ಯಾನಿನವರೆಗೂ ಬಂದಿದೆ. ನಾವು ಈಗ ಹೇಳಹೊರಟಿರುವುದೂ ಹತ್ತು ಜನ ಸೇರಿಯೇ ಮಾಡಬೇಕಾದ ಒಂದು ಕೆಲಸದ ವಿಚಾರ.

ನಾವು ತ್ಯಾಗರಾಜನಗರದಲ್ಲಿ ವಾಸವಾಗಿರುವ ಐದಾರು ಜನ ಗೆಳೆಯರು. ಎಲ್ಲರೂ ನಿವೃತ್ತರು. ನಮ್ಮಲ್ಲಿ ಇಬ್ಬರು ಹುಟ್ಟಿದ್ದು ಈ ಸೀಮೆಯಲ್ಲೇ. ನಿಮ್ಮ ಕಾರ್ಯದರ್ಶಿಗಳು ಫೋನ್ ಮಾಡಿ, "ಬೆಳ್ಳಿಹಬ್ಬದ ನೆನಪಿಗೆ ಗೋಮಾಳದಲ್ಲಿ ಎರಡು ಸಾವಿರ ಸಸಿ ನೆಡಬೇಕು ಅಂತ ಮಾಡಿದ್ದೀವಿ. ಸಸಿ ಕೊಡಿಸಿ, ನಾಲ್ಕು ಮಾತು ಆಡಿ" ಅಂದರು. ಸಸಿ ಕೊಡಿಸುವುದೇನೂ ಕಷ್ಟವಲ್ಲ. ಆದರೆ ನಾಲ್ಕು ಮಾತು ಕೇಳಿದ ಮೇಲೆ ಎರಡು ಸಾವಿರ ಬೇಡ ಅನ್ನಿಸಿದರೆ ನಮ್ಮನ್ನು ಬೈಯಬೇಡಿ ಅಂತ ಅವತ್ತೇ ಹೇಳಿದ್ದೆವು. ಯಾಕೆ ಹಾಗಂದೆವು ಎಂಬುದಕ್ಕೆ ಮೊದಲು ನಮ್ಮದೇ ಒಂದು ತಪ್ಪು ಒಪ್ಪಿಕೊಳ್ಳಬೇಕು.

ಬೆಂಗಳೂರಿನವರಿಗೆ ಮರ ಅಂದರೆ ರಸ್ತೆಯ ಮರ. ನಮ್ಮ ಮನೆಗಳಿಂದ ಸ್ವಲ್ಪ ದೂರ ನಡೆದರೆ ದೊಡ್ಡಬಸವಣ್ಣನ ಗುಡಿ, ಅದರ ಪಕ್ಕ ಕಹಳೆ ಬಂಡೆ. ಕಾರ್ತಿಕದ ಕಡೇ ಸೋಮವಾರ ಅಲ್ಲಿ ಕಡಲೆಕಾಯಿ ಪರಿಷೆ. ಸುಂಕೇನಹಳ್ಳಿ, ಗುಟ್ಟಹಳ್ಳಿ, ಮಾವಳ್ಳಿ ಕಡೆಯ ರೈತರ ಕಡಲೆಕಾಯಿ ಹೊಲಕ್ಕೆ ಬಸವ ನುಗ್ಗಿ ಮೇಯುತ್ತಿದ್ದನಂತೆ ಎಂಬ ಕತೆ ನಿಮಗೂ ಗೊತ್ತು. ಅಂದರೆ ನಾವು ಈಗ ಕಾಂಕ್ರೀಟು ಮನೆ ಕಟ್ಟಿಕೊಂಡಿರುವ ಜಾಗವೂ ಒಂದು ಕಾಲಕ್ಕೆ ಹೊಲ, ಬಂಡೆ, ಕುರುಚಲು, ದನ ಮೇಯುವ ಬಯಲು. ಆ ಬಯಲಿನ ಮೇಲೆ ಊರು ಬೆಳೆಯಿತು, ರಸ್ತೆ ಬಂತು, ರಸ್ತೆಗೆ ನೆರಳು ಬೇಕಾಯಿತು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ಬೆಂಗಳೂರಿನ ರಸ್ತೆಗಳಲ್ಲಿ ಹದಿನೈದು ಲಕ್ಷ ಮರ ಬೆಳೆಸಿದರು. ಅವರ ಪುಣ್ಯದಿಂದ ನಾವು ಇಂದಿಗೂ ನೆರಳಲ್ಲಿ ನಡೆಯುತ್ತಿದ್ದೇವೆ. ನಮ್ಮ ರಸ್ತೆಗಳಲ್ಲಿ ಕಾಣುವ ಗುಲ್‌ಮೊಹರ್ ಮಡಗಾಸ್ಕರ್ ದ್ವೀಪದ್ದು, ಮಳೆಮರ ಅಮೆರಿಕ ಖಂಡದ್ದು. ರಸ್ತೆಗೆ ಅದು ಸರಿಯೇ. ತಪ್ಪಾದದ್ದು ಎಲ್ಲಿ ಅಂದರೆ, ನಾವು ಅದೇ ಕಣ್ಣು ಹೊತ್ತುಕೊಂಡು ಹಳ್ಳಿಗೆ ಬಂದೆವು.

ಬಹಳ ವರ್ಷದ ಹಿಂದೆ ನಾವು ಗೆಳೆಯರು ದುಡ್ಡು ಕೂಡಿಸಿ ಎರಡು ಲಾರಿ ಸಸಿ ತಂದು ನಮ್ಮಲ್ಲೊಬ್ಬರ ಊರಿನ ಕಾವಲಿನಲ್ಲಿ ನೆಟ್ಟೆವು. ಅಕೇಸಿಯಾ, ಸಿಲ್ವರ್ ಓಕ್, ಗುಲ್‌ಮೊಹರ್. ಯಂತ್ರ ತರಿಸಿ ಸಾಲಾಗಿ ಗುಂಡಿ ತೋಡಿಸಿದೆವು. ಫೋಟೋ ತೆಗೆಸಿಕೊಂಡೆವು. ಐದಾರು ವರ್ಷದಲ್ಲಿ ಅರ್ಧ ಒಣಗಿತು, ಉಳಿದರ್ಧ ಚೆನ್ನಾಗಿಯೇ ಬಂತು. ಒಣಗಿದ್ದಕ್ಕಿಂತ ಚೆನ್ನಾಗಿ ಬಂದದ್ದೇ ಹೆಚ್ಚು ಹಾಳು ಮಾಡಿತು. ಅಕೇಸಿಯಾದ ಒಣ ಎಲೆ ನೆಲದ ಮೇಲೆ ಚಾಪೆಯಂತೆ ಹಾಸಿಕೊಂಡು ಅದರ ಕೆಳಗೆ ಒಂದು ಎಳೆ ಗರಿಕೆ ಏಳಲಿಲ್ಲ. ಗುಂಡಿ ತೋಡಿ ಮಣ್ಣು ಮಗುಚಿದ ಕಡೆ ಲಂಟಾನ ಬಂತು. ಕುರಿ ಕಾಯುವ ಅಜ್ಜ ಒಬ್ಬರು ನಮ್ಮನ್ನು ನಿಲ್ಲಿಸಿಕೊಂಡು, "ಸ್ವಾಮಿ, ಮರ ಕೊಟ್ರಿ, ಸಂತೋಷ. ಇಲ್ಲಿದ್ದ ಹುಲ್ಲು ಎಲ್ಲಿಗೆ ಕಳಿಸಿದ್ರಿ?" ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆಮೇಲಿನ ಇಷ್ಟು ವರ್ಷ ನಾವು ಓದಿದ್ದು, ಓಡಾಡಿದ್ದು, ಕಂಡವರನ್ನು ಕೇಳಿದ್ದು ಎಲ್ಲ ಆ ಒಂದು ಪ್ರಶ್ನೆಗೇ.

ಆ ಉತ್ತರ ಇಷ್ಟೇ. ಗೋಮಾಳ, ಕಾವಲು, ಹುಲ್ಲುಬನ್ನಿ ಅಂತ ನಾವು ಕರೆಯುವ ಈ ನೆಲ ಸತ್ತುಹೋದ ಕಾಡಲ್ಲ. ಇದು ಮೊದಲಿಂದಲೂ ಹುಲ್ಲು ಹೆಚ್ಚು, ಮರ ಕಡಿಮೆ ಇದ್ದ ನೆಲ. ವಿಜ್ಞಾನಿಗಳು ಇಂಥದ್ದನ್ನು ಸವನ್ನಾ ಅನ್ನುತ್ತಾರೆ. ಆಫ್ರಿಕಾದ ಸಿಂಹ, ಜೀಬ್ರಾಗಳ ಬಯಲು ಟೀವಿಯಲ್ಲಿ ನೋಡಿರುತ್ತೀರಿ, ಅದೇ ಕುಲದ ನೆಲ ನಮ್ಮದೂ. ಬೆಂಗಳೂರಿನ ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಜಯಶ್ರೀ ರತ್ನಂ, ಮಹೇಶ್ ಶಂಕರನ್ ಮೊದಲಾದವರು 2011ರಲ್ಲೇ ಬರೆದು ತೋರಿಸಿದರು: ನಾವು 'ಒಣ ಕಾಡು' ಎಂದು ಕರೆಯುವ ಎಷ್ಟೋ ಪ್ರದೇಶ ನಿಜವಾಗಿ ಸವನ್ನಾ, ಅದನ್ನು ಕಾಡಿನ ಲೆಕ್ಕದಲ್ಲಿ ನೋಡಿಕೊಂಡರೆ ಕೆಡುತ್ತದೆ ಅಂತ.

ಕಾಡಿಗೂ ಸವನ್ನಾಕ್ಕೂ ಏನು ವ್ಯತ್ಯಾಸ? ಮೇಲೆ ನೋಡಬೇಡಿ, ಕಾಲ ಕೆಳಗೆ ನೋಡಿ. ದಟ್ಟ ಕಾಡಿನ ನೆಲದಲ್ಲಿ ಹುಲ್ಲು ಕಡಿಮೆ, ತರಗೆಲೆ ಹೆಚ್ಚು. ಸವನ್ನಾದಲ್ಲಿ ಮರದ ಬುಡದವರೆಗೂ ಹುಲ್ಲು. ಈ ಹುಲ್ಲು ಬಿಸಿಲು ಬೇಡುವ ಹುಲ್ಲು. ನಾವು ಬೆಳೆಯುವ ರಾಗಿ, ಜೋಳ, ಸಜ್ಜೆ, ಕಬ್ಬು ಕೂಡ ಇದೇ ಬಳಗದ ಬಿಸಿಲುಪ್ರಿಯ ಹುಲ್ಲುಗಳೇ. ಮಾವಿನ ತೋಪಿನ ದಟ್ಟ ನೆರಳಲ್ಲಿ ರಾಗಿ ಬಿತ್ತಿ ಕಣ ತುಂಬಿಸಿದವರು ಇಲ್ಲಿ ಯಾರಾದರೂ ಇದ್ದೀರಾ? ಇಲ್ಲ ತಾನೆ. ಗೋಮಾಳದ ಹುಲ್ಲಿಗೂ ಅಷ್ಟೇ. ಹಿಮಾಲಯದ ತಪ್ಪಲಿನ ಹಳೆಯ ಮಣ್ಣಿನ ಪದರಗಳಲ್ಲಿ ಸಿಕ್ಕಿರುವ ಗುರುತಿನ ಪ್ರಕಾರ, ಈ ಜಾತಿಯ ಹುಲ್ಲು ನಮ್ಮ ಉಪಖಂಡದಲ್ಲಿ ಎಪ್ಪತ್ತು ಎಂಬತ್ತು ಲಕ್ಷ ವರ್ಷದ ಹಿಂದೆಯೇ ಹರಡಿತ್ತು. ಆಗ ಕೊಡಲಿ ಹಿಡಿದ ಮನುಷ್ಯನೇ ಇರಲಿಲ್ಲ. ಹಾಗಾಗಿ ಹುಲ್ಲುಗಾವಲೆಲ್ಲ ಕಾಡು ಕಡಿದು ಆದದ್ದು ಎಂಬ ಮಾತು ನಿಲ್ಲುವುದಿಲ್ಲ.

ಇನ್ನೊಂದು ಗುಟ್ಟು. ಹುಲ್ಲಿನ ಚಿಗುರು ಇರುವುದು ಬುಡದಲ್ಲಿ. ದನ ಮೇದರೂ, ಕುಡುಗೋಲು ಆಡಿಸಿದರೂ ಮತ್ತೆ ಬರುತ್ತದೆ. ಈ ನೆಲದ ಮರಗಳೂ ಅದೇ ಬುದ್ಧಿ ಕಲಿತಿವೆ. ಮುತ್ತುಗ, ತುಗ್ಗಲಿ, ಎಲಚಿ ಇವು ಮೊಣಕಾಲೆತ್ತರ ಕಾಣುತ್ತಿದ್ದರೂ ನೆಲದೊಳಗೆ ದಪ್ಪ ಬೇರು ಕಟ್ಟಿಕೊಂಡಿರುತ್ತವೆ. ಸಂಪತ್ತೆಲ್ಲ ಭೂಮಿಯ ಒಳಗೆ. ಈ ಹುಲ್ಲುನೆಲ ಗಾಳಿಯ ಇಂಗಾಲವನ್ನು ಹೆಚ್ಚಾಗಿ ಮಣ್ಣಿನಲ್ಲಿ, ಬೇರಿನಲ್ಲಿ ಕೂಡಿಡುತ್ತದೆ. ಅದನ್ನು ಬೆಂಕಿ ಸುಡುವುದಿಲ್ಲ, ಕಳ್ಳ ಕಡಿಯುವುದಿಲ್ಲ. ಉತ್ತರೆ, ಅಗೆದರೆ ಮಾತ್ರ ಹೋಗುತ್ತದೆ.

ನಮ್ಮ ಹಿರಿಯರಿಗೆ ಈ ನೆಲದ ಬೆಲೆ ಗೊತ್ತಿತ್ತು. ಮೈಸೂರು ಸೀಮೆಯ ಅಮೃತಮಹಲ್ ಕಾವಲುಗಳ ವಿಷಯ ಹಿರಿಯರು ಬಲ್ಲಿರಿ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ಬೆಣ್ಣೆ ಚಾವಡಿ. ಟಿಪ್ಪು ಸುಲ್ತಾನ ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಕಾವಲುಗಳನ್ನು ಮಳೆಗಾಲದ ಕಾವಲು, ಚಳಿಗಾಲದ ಕಾವಲು, ಬೇಸಿಗೆಯ ಕಾವಲು ಎಂದು ವಿಂಗಡಿಸಿ, ದನಗಳನ್ನು ಕಾಲಕ್ಕೆ ತಕ್ಕ ಹಾಗೆ ಒಂದರಿಂದ ಇನ್ನೊಂದಕ್ಕೆ ಹೊಡೆದುಕೊಂಡು ಹೋಗುತ್ತಿದ್ದರು. ಒಂದು ಕಡೆ ಮೇಯುವಾಗ ಇನ್ನೊಂದು ಕಡೆ ಹುಲ್ಲಿಗೆ ಬಿಡುವು. ಒಂದು ಕಾಲಕ್ಕೆ ಈ ಕಾವಲುಗಳ ವಿಸ್ತೀರ್ಣ ನಾಲ್ಕು ಲಕ್ಷ ಎಕರೆ ಮೀರಿತ್ತು. ಅದರಲ್ಲಿ ಬಹುಪಾಲು ಈಗ ಬೇರೆ ಬೇರೆ ಕೆಲಸಕ್ಕೆ ಹೋಗಿದೆ. ಅಜ್ಜಂಪುರದ ತಳಿ ಕೇಂದ್ರದಲ್ಲಿ ಆ ದನದ ವಂಶ ಇನ್ನೂ ಉಳಿದಿದೆ.

ಇಷ್ಟು ಚೆನ್ನಾಗಿದ್ದದ್ದು ಹಾಳಾದದ್ದು ಹೇಗೆ? ಮೊದಲನೆಯದು, ಹೆಸರು. ಸರ್ಕಾರದ ದಾಖಲೆಯಲ್ಲಿ ಪಾಳು, ಖರಾಬು ಅಂತ ಬರೆದರು. ಪಾಳು ಅಂದ ಮೇಲೆ ಉದ್ಧಾರ ಮಾಡಬೇಕಲ್ಲ! 1980ರ ದಶಕದಲ್ಲಿ ವಿಶ್ವಬ್ಯಾಂಕಿನ ನೆರವಿನಿಂದ ಸಾಮಾಜಿಕ ಅರಣ್ಯ ಯೋಜನೆ ಬಂದಾಗ ಎಷ್ಟೋ ಊರಿನ ಬಯಲಿಗೆ ನೀಲಗಿರಿ ಬಂತು. 1983ರ ಆಗಸ್ಟ್‌ನಲ್ಲಿ ತುಮಕೂರು ಜಿಲ್ಲೆಯ ರೈತರು ಅರಣ್ಯ ಇಲಾಖೆಯ ಸಸ್ಯಕ್ಷೇತ್ರಕ್ಕೆ ನಡೆದುಹೋಗಿ ನೀಲಗಿರಿ ಸಸಿ ಕಿತ್ತುಹಾಕಿ, ಅದರ ಜಾಗದಲ್ಲಿ ಹುಣಸೆ, ಮಾವಿನ ಬೀಜ ಊರಿದರು. ಅವತ್ತು ಅವರನ್ನು ಅಭಿವೃದ್ಧಿಯ ವಿರೋಧಿಗಳು ಅಂದವರೂ ಇದ್ದರು. 2017ರಲ್ಲಿ ರಾಜ್ಯ ಸರ್ಕಾರವೇ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಮೂವತ್ನಾಲ್ಕು ವರ್ಷ ಬೇಕಾಯಿತು ನೋಡಿ.

ಈ ತಪ್ಪು ನಮ್ಮ ದೇಶದ್ದು ಮಾತ್ರ ಅಲ್ಲ. 2019ರಲ್ಲಿ ಹೊರದೇಶದ ವಿಜ್ಞಾನಿಗಳ ಒಂದು ತಂಡ, ಪ್ರಪಂಚದಲ್ಲಿ ಇನ್ನೂ 90 ಕೋಟಿ ಹೆಕ್ಟೇರಿನಷ್ಟು ಮರ ಬೆಳೆಸಲು ಜಾಗವಿದೆ ಅಂತ ಲೆಕ್ಕ ಕೊಟ್ಟಿತು. ಅದೇ ವರ್ಷ ಬೇರೆ ವಿಜ್ಞಾನಿಗಳು, ನೀವು ಖಾಲಿ ಅಂತ ಎಣಿಸಿದ್ದರಲ್ಲಿ ಪುರಾತನ ಹುಲ್ಲುಗಾವಲುಗಳೂ ಸೇರಿವೆಯಲ್ಲ ಎಂದು ಆಕ್ಷೇಪಿಸಿದರು. ದೂರದಿಂದ ನೋಡುವವರಿಗೆ ಹುಲ್ಲು ಅಂದರೆ ಖಾಲಿ ಜಾಗ. ಹಸು ಕಟ್ಟಿದವರಿಗೆ ಮಾತ್ರ ಅದು ತುಂಬಿದ ಜಾಗ.

ಎರಡನೆಯದು, ಹೊರಗಿನಿಂದ ಬಂದ ಕಳೆ. ಬಿಳಿಗಿರಿರಂಗನ ಬೆಟ್ಟದ ಸಂಗತಿ ಹೇಳುತ್ತೇವೆ. ಅಲ್ಲಿಯ ಸೋಲಿಗರು ಬೇಸಿಗೆ ಬಲಿಯುವ ಮುಂಚೆ, ತೇವ ಇರುವಾಗಲೇ, ನೆಲದ ಒಣ ಎಲೆಗೆ ಸಣ್ಣ ಬೆಂಕಿ ಕೊಡುತ್ತಿದ್ದರು. ತರಗು ಬೆಂಕಿ ಅಂತ ಅದಕ್ಕೆ ಹೆಸರು. ಮರ ಸುಡುತ್ತಿರಲಿಲ್ಲ, ಕಸ ಸುಡುತ್ತಿತ್ತು, ಹುಲ್ಲು ಚಿಗುರುತ್ತಿತ್ತು. 1974ರಲ್ಲಿ ಅಭಯಾರಣ್ಯ ಆದ ಮೇಲೆ ಅದು ನಿಂತಿತು. ಮುಂದೆ ಲಂಟಾನ ಎದ್ದಿತು. ಏಟ್ರೀ ಸಂಸ್ಥೆಯ ಸಂಶೋಧಕರು ಗುರುತು ಹಾಕಿದ ಜಾಗಗಳಲ್ಲಿ 1997ರಲ್ಲಿ ನೂರಕ್ಕೆ 41ರಲ್ಲಿ ಲಂಟಾನ ಇತ್ತು, 2008ರ ಹೊತ್ತಿಗೆ 81ರಲ್ಲಿ ಇತ್ತು. ಬೆಂಕಿ ನಿಂತದ್ದೇ ಲಂಟಾನ ಹೆಚ್ಚಲು ಕಾರಣ ಎಂದು ಸೋಲಿಗರು ಹೇಳುತ್ತಲೇ ಬಂದಿದ್ದರು. ಇದನ್ನು ಕೇಳಿ ನಾಳೆಯೇ ಗೋಮಾಳಕ್ಕೆ ಕಡ್ಡಿ ಗೀರಬೇಡಿ! ಲಂಟಾನ ತುಂಬಿದ ಮೇಲೆ ಹಚ್ಚಿದ ಬೆಂಕಿ ಮರದೆತ್ತರ ಏಳುತ್ತದೆ, ಊರನ್ನೂ ಬಿಡುವುದಿಲ್ಲ. ನಾವು ಹೇಳುವುದೇನೆಂದರೆ, ನೆಲದ ಜೊತೆ ಬದುಕಿದವರ ಮಾತನ್ನು ಮೊದಲು ಕೇಳಬೇಕು.

ಇನ್ನು ನಿಮ್ಮ ಗೋಮಾಳಕ್ಕೆ ಬರೋಣ. ನಿನ್ನೆ ಸಂಜೆ ನಿಮ್ಮಲ್ಲಿ ಹಲವರ ಜೊತೆ ಅಲ್ಲಿ ಸುತ್ತಾಡಿದೆವು. ಕೆಳಗಡೆ ನೀಲಗಿರಿ, ಹಳ್ಳದ ಅಂಚಿಗೆ ಬಳ್ಳಾರಿ ಜಾಲಿ, ನಡುವೆ ಲಂಟಾನ, ದಾರಿಯುದ್ದಕ್ಕೂ ಕಾಂಗ್ರೆಸ್ ಗಿಡ. ಮೇಲಿನ ದಿಣ್ಣೆಯಲ್ಲಿ ಮಾತ್ರ ಹುಲ್ಲು ಉಳಿದಿದೆ. ನಮ್ಮ ಜೊತೆ ಬಂದಿದ್ದ ಹಿರಿಯರೊಬ್ಬರು ಬಗ್ಗಿ ಬಗ್ಗಿ ಹನ್ನೊಂದು ಹುಲ್ಲಿನ ಹೆಸರು ಹೇಳಿದರು. ಗರಿಕೆ, ಹಂಚಿಹುಲ್ಲು, ಕಾಚಿಹುಲ್ಲು, ಕರಡ... ಅವರ ಮೊಮ್ಮಗನಿಗೆ ಒಂದೂ ಗೊತ್ತಿರಲಿಲ್ಲ. ಒಬ್ಬ ತಾಯಿ ಅಂದರು: "ನಾನು ಮದುವೆಯಾಗಿ ಬಂದಾಗ ಹಿತ್ತಲು ದಾಟಿದರೆ ಹುಲ್ಲು. ಈಗ ಮೂರು ಮೈಲಿ ಹೋಗಬೇಕು, ಇಲ್ಲಾ ದುಡ್ಡು ಕೊಟ್ಟು ಹಿಂಡಿ ತರಬೇಕು." ಹಾಲಿನ ದರ ಎರಡು ರೂಪಾಯಿ ಏರಿದರೆ ಹಿಂಡಿ ಬೂಸಾ ನಾಲ್ಕು ರೂಪಾಯಿ ಏರುತ್ತದೆ ಎಂದು ನೀವೇ ಹೇಳುತ್ತೀರಿ. ಹಾಗಾದರೆ ನಿಮ್ಮ ಸಂಘದ ಮೂಲ ಬಂಡವಾಳ ಬ್ಯಾಂಕಿನಲ್ಲಿಲ್ಲ, ಆ ದಿಣ್ಣೆಯ ಮೇಲೆ ಇದೆ. ಎರಡು ಸಾವಿರ ಗುಂಡಿ ತೋಡಬೇಕು ಅಂತ ನೀವು ಗುರುತು ಹಾಕಿರುವುದೂ ಅದೇ ದಿಣ್ಣೆಯಲ್ಲಿ. ಖಾಲಿ ಕಾಣುತ್ತದಲ್ಲ, ಅದಕ್ಕೆ.

ದಯವಿಟ್ಟು ಅಲ್ಲಿ ಗುಂಡಿ ತೋಡಬೇಡಿ. ಇದನ್ನು ಹೇಳುವುದಕ್ಕೇ ನಾವು ಬೆಂಗಳೂರಿಂದ ಬಂದದ್ದು.

ಹಾಗಾದರೆ ಏನು ಮಾಡುವುದು? ನಮಗೆ ತಿಳಿದ ಮಟ್ಟಿಗೆ ಕ್ರಮವಾಗಿ ಹೇಳುತ್ತೇವೆ.

ಮೊದಲು ಕೀಳುವ ಕೆಲಸ, ಆಮೇಲೆ ನೆಡುವ ಕೆಲಸ. ಲಂಟಾನವನ್ನು ಮೇಲಿಂದ ಸವರಿದರೆ ಎರಡರಷ್ಟು ಚಿಗುರುತ್ತದೆ. ಬುಡದ ಮಣ್ಣು ಸರಿಸಿ, ಚಿಗುರು ಒಡೆಯುವ ಗಂಟಿನ ಕೆಳಗೆ ಬೇರು ಕತ್ತರಿಸಿ, ಇಡೀ ಪೊದೆಯನ್ನು ಎತ್ತಿ ಬೇರು ಮೇಲಾಗಿ ಮಗುಚಿ ಒಣಗಿಸಬೇಕು. ಹಣ್ಣಾಗುವ ಮುಂಚೆ ಮಾಡಬೇಕು. ಬೀಜ ಮಣ್ಣಿನಲ್ಲಿರುತ್ತದೆ, ಹಕ್ಕಿಯೂ ತರುತ್ತದೆ. ಆದ್ದರಿಂದ ಮೂರು ನಾಲ್ಕು ವರ್ಷ ಮಳೆಗಾಲ ಕಳೆದ ಕೂಡಲೇ ಸಣ್ಣ ಸಸಿಗಳನ್ನು ಕೈಯಲ್ಲಿ ಕೀಳುತ್ತಲೇ ಇರಬೇಕು. ಬಳ್ಳಾರಿ ಜಾಲಿಗೂ ಇದೇ ರೀತಿ, ನೆಲದ ಕೆಳಗೆ ಕತ್ತರಿಸಬೇಕು. ನೀಲಗಿರಿ ತೆಗೆಯುವುದಕ್ಕೆ ಪಂಚಾಯಿತಿ, ಅರಣ್ಯ ಇಲಾಖೆಯ ಅಪ್ಪಣೆ ಬೇಕು. ಕಡಿದ ಮೇಲೆ ಬುಡದ ಚಿಗುರನ್ನು ಮುರಿಯುತ್ತಾ ಇರಬೇಕು. ಗೋಮಾಳವನ್ನೆಲ್ಲ ಒಂದೇ ಸಲ ಬರಿದು ಮಾಡಬೇಡಿ. ಈ ವರ್ಷ ಹತ್ತು ಎಕರೆ ಶುದ್ಧ ಮಾಡಿ, ಅದು ಕೈಗೆ ಹತ್ತಿದ ಮೇಲೆ ಮುಂದಿನ ಹತ್ತು.

ಎರಡನೆಯದು, ಹುಲ್ಲಿಗೆ ಬಿಡುವು. ಗೋಮಾಳವನ್ನು ಮೂರು ಪಾಲು ಮಾಡಿ. ಮೊದಲ ಮಳೆ ಬಿದ್ದಾಗಿನಿಂದ ದೀಪಾವಳಿಯವರೆಗೆ, ಹುಲ್ಲು ಹೂ ಬಿಟ್ಟು ಬೀಜ ಉದುರುವ ತನಕ, ಒಂದು ಪಾಲಿಗೆ ದನ ಬಿಡಬೇಡಿ. ಆಮೇಲೆ ಕೊಯ್ದುಕೊಳ್ಳಿ, ಮೇಯಿಸಿ. ಮುಂದಿನ ವರ್ಷ ಇನ್ನೊಂದು ಪಾಲಿಗೆ ಬಿಡುವು. ಇದೇನೂ ಹೊಸ ವಿದ್ಯೆಯಲ್ಲ, ಅಮೃತಮಹಲ್ಲಿನ ಹಳೆಯ ಬುದ್ಧಿಯೇ. ದನವನ್ನು ಪೂರ್ತಿ ಹೊರಗಿಡುವುದೂ ಬೇಡ. ಮೇಯದ ಹುಲ್ಲು ತನ್ನ ಮೇಲೆ ತಾನೇ ಬಿದ್ದು ಬುಡ ಉಸಿರುಗಟ್ಟುತ್ತದೆ. ಕಳೆ ಕಿತ್ತ ಬರಿ ನೆಲಕ್ಕೆ ದಿಣ್ಣೆಯ ಹುಲ್ಲಿನ ಬೀಜವನ್ನೇ ಕಾರ್ತಿಕದಲ್ಲಿ ಕೂಡಿಸಿ ಒಣಗಿಸಿಟ್ಟು ಮುಂಗಾರಿಗೆ ಎರಚಿ. ಹೊರಗಿನ ಹುಲ್ಲು ತರಬೇಡಿ.

ಮೂರನೆಯದು, ಮರ. ಮರ ಬೇಡವೆಂದು ನಾವು ಹೇಳುತ್ತಿಲ್ಲ. ದನಕ್ಕೆ ನೆರಳು ಬೇಕು, ಹಕ್ಕಿಗೆ ಕೊಂಬೆ ಬೇಕು, ಜೇನಿಗೆ ಹೂ ಬೇಕು, ನಿಮಗೆ ಹುಣಸೆ, ನೆಲ್ಲಿ, ಊಟದೆಲೆ ಬೇಕು. ಆದರೆ ಈ ನೆಲದ ಮರವೇ ಆಗಬೇಕು, ವಿರಳವಾಗಿರಬೇಕು. ನಾವು ಇಟ್ಟುಕೊಂಡಿರುವ ಅಳತೆ ಇದು: ದೊಡ್ಡದಾದ ಮೇಲೂ ಮಧ್ಯಾಹ್ನದ ಹೊತ್ತು ಒಂದು ಮರದ ನೆರಳು ಇನ್ನೊಂದರ ನೆರಳಿಗೆ ತಾಗಬಾರದು. ನಡುವೆ ಹುಲ್ಲಿಗೆ ಬಿಸಿಲು ಬೀಳಬೇಕು. ಹಳ್ಳದ ದಂಡೆಗೆ ಹೊಂಗೆ, ನೇರಳೆ, ಮತ್ತಿ ಸ್ವಲ್ಪ ಹತ್ತಿರ ಹತ್ತಿರ ಇರಲಿ, ಅದು ಅವುಗಳ ಜಾಗ. ಬಯಲಿಗೆ ಮುತ್ತುಗ, ತುಗ್ಗಲಿ, ಬಿಳಿಜಾಲಿ, ಎಲಚಿ, ಕಕ್ಕೆ, ಬೇಲ, ನೆಲ್ಲಿ, ದಿಂಡುಗ, ಕಮರ. ಕಟ್ಟೆಯ ಹತ್ತಿರ, ದಾರಿ ಬದಿ ಹುಣಸೆ, ಬೇವು. ದಿಣ್ಣೆಗೆ ಏನೂ ಬೇಡ, ಅದನ್ನು ಹುಲ್ಲಿಗೇ ಬಿಟ್ಟುಬಿಡಿ.

ಇವುಗಳಲ್ಲಿ ಎಷ್ಟೋ ಮರವನ್ನು ನೀವು ನೆಡಬೇಕಾಗೇ ಇಲ್ಲ. ನಿನ್ನೆ ನಾವೇ ಎಣಿಸಿದೆವು, ಮೇದು ಮೇದು ಕುಳ್ಳಗಾದ ಮುತ್ತುಗದ ಮೋಟು ಎಲ್ಲ ಕಡೆ ಇದೆ. ಬೇರು ಬದುಕಿದೆ. ಸುತ್ತ ನಾಲ್ಕು ಮುಳ್ಳು ಕೊಂಬೆ ಇಟ್ಟು, ಇರುವ ಹತ್ತು ಕವಲಿನಲ್ಲಿ ಒಂದೇ ನೇರ ಕವಲು ಬಿಟ್ಟು ಎರಡು ಮೂರು ವರ್ಷ ಕಾಯ್ದರೆ ಅದೇ ಮರ ಆಗುತ್ತದೆ. ಲಾರಿಯಲ್ಲಿ ತಂದ ಸಸಿಗಿಂತ ಅದು ಗಟ್ಟಿ. ಉಳಿದದ್ದಕ್ಕೆ ಬೀಜ ಊರಿ. ಕಾರೆ ಪೊದೆಯ ಒಳಗೆ ಊರಿದರೆ ಮುಳ್ಳೇ ಬೇಲಿ. ಜಾಲಿ ಕಾಯಿ ತಿಂದ ಮೇಕೆ ರಾತ್ರಿ ಮಲಗಿದ ಕಡೆ ಬಿದ್ದ ಬೀಜ ಚೆನ್ನಾಗಿ ಹುಟ್ಟುತ್ತದೆ, ಅದನ್ನು ಗುಡಿಸಿ ತನ್ನಿ. ಮುತ್ತುಗದ ಬೀಜ ಇಟ್ಟರೆ ಕೆಡುತ್ತದೆ, ಬೇಸಿಗೆ ಕೊನೆಯಲ್ಲಿ ಉದುರಿದ ಕೂಡಲೇ ಊರಬೇಕು. ಶಾಲೆಯ ಮಕ್ಕಳಿಗೆ ಈ ಕೆಲಸ ಕೊಡಿ, ಹೆಸರೂ ಕಲಿಯುತ್ತಾರೆ.

ಇದೆಲ್ಲ ಹೇಳುವುದು ಸುಲಭ, ನಡೆಯುತ್ತದಾ ಅಂತ ಕೇಳುವವರಿಗೆ ಒಂದು ಉದಾಹರಣೆ. ನಮ್ಮ ಪಾವಗಡದ ಗಡಿಯಾಚೆ, ಆಂಧ್ರದ ಚೆನ್ನೇಕೊತ್ತಪಲ್ಲಿ ಕಡೆ ತಿಂಬಕ್ಟು ಕಲೆಕ್ಟಿವ್ ಎಂಬ ಸಂಸ್ಥೆ 1990ರಿಂದ ಕೆಲಸ ಮಾಡುತ್ತಿದೆ. ಅಲ್ಲಿ ಕಲ್ಪವಲ್ಲಿ ಎಂದು ಹೆಸರಿಟ್ಟಿರುವ ಸಾವಿರಾರು ಎಕರೆ ಗುಡ್ಡ, ಬಯಲು ಇದೆ. ಬರಗಾಲದ ಸೀಮೆ, ಎಲ್ಲ ಬೋಳಾಗಿತ್ತು. ಸುತ್ತಲಿನ ಹಳ್ಳಿಯವರು ಕಾವಲುಗಾರರನ್ನು ಇಟ್ಟರು, ಕೊಡಲಿ ತಡೆದರು, ಬೇಸಿಗೆಗೆ ಮುಂಚೆ ಬೆಂಕಿ ರೇಖೆ ಸವರಿದರು, ಬೀಜ ಎರಚಿದರು. ಹೆಚ್ಚಿನದ್ದನ್ನು ನೆಲವೇ ಮಾಡಿತು. ಹುಲ್ಲು ಬಂತು, ಹಳ್ಳಗಳಲ್ಲಿ ಈಚಲು ಎದ್ದಿತು, ಕೆಳಗಿನ ಮುಷ್ಟಿಕೋವಿಲ ಕೆರೆಗೆ ನೀರು ಬಂತು, ತೋಳ ಕೂಡ ಬಂತು. ಈ ಕೆಲಸ ನೋಡಿಕೊಳ್ಳಲು ಊರಿನವರು ಕಟ್ಟಿಕೊಂಡದ್ದು ಏನು ಗೊತ್ತೆ? ಒಂದು ಸಹಕಾರ ಸಂಘ. ನಿಮ್ಮ ಹಾಗೆಯೇ ಸದಸ್ಯರು, ಷೇರು, ಸಭೆ ಎಲ್ಲ ಇರುವ ಸಂಘ.

ಆದರೆ ಅದೇ ಕಲ್ಪವಲ್ಲಿಯ ಇನ್ನೊಂದು ಪಾಠವೂ ಇದೆ. ಕಂದಾಯದ ಪುಸ್ತಕದಲ್ಲಿ ಅದು ಇನ್ನೂ ಪಾಳು ಭೂಮಿಯಾಗಿಯೇ ಇತ್ತು. 2010ರ ಸುಮಾರಿಗೆ ಅಲ್ಲಿ ಗಾಳಿಯಂತ್ರಗಳು ಬಂದವು. ಅದಕ್ಕಾಗಿ ಗುಡ್ಡದ ಮೇಲೆ ಅಗಲವಾದ ರಸ್ತೆ ಕಡಿದರು, ಇಳಿಜಾರು ಕೊಚ್ಚಿತು. ಜನ ಇಪ್ಪತ್ತು ವರ್ಷ ಕಾಪಾಡಿದ್ದು ಪುಸ್ತಕದಲ್ಲಿ ಕಾಣಲೇ ಇಲ್ಲ. ನಮ್ಮ ಬೆಂಗಳೂರಿನ ಪಕ್ಕದ ಹೆಸರಘಟ್ಟ ನೋಡಿ. 1890ರ ದಶಕದಲ್ಲಿ ಬೆಂಗಳೂರಿಗೆ ಕೊಳಾಯಿ ನೀರು ಬಂದದ್ದು ಆ ಕೆರೆಯಿಂದ. ಕೆರೆಯ ಸುತ್ತಲಿನ ಹುಲ್ಲುಗಾವಲು ಉಳಿಸುವ ಪ್ರಸ್ತಾಪವನ್ನು 2021ರ ಜನವರಿಯಲ್ಲಿ ರಾಜ್ಯ ವನ್ಯಜೀವಿ ಮಂಡಳಿ ತಳ್ಳಿಹಾಕಿತು. ಹೋರಾಟ ನಡೆದು, 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ರಾಜಧಾನಿಯ ಪಕ್ಕದ ಹುಲ್ಲಿಗೇ ಇಷ್ಟು ಪಾಡು ಅಂದರೆ ನಿಮ್ಮ ಅರವತ್ತು ಎಕರೆಯನ್ನು ಯಾರು ಕೇಳುತ್ತಾರೆ? ನೀವೇ ಕೇಳಬೇಕು.

ಆದ್ದರಿಂದ ನಾಲ್ಕನೆಯ ಕೆಲಸ, ಕಾಗದದ ಕೆಲಸ. 1966ರ ಕರ್ನಾಟಕ ಭೂಕಂದಾಯ ನಿಯಮಗಳಲ್ಲಿ ನೂರು ರಾಸಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳದ ಲೆಕ್ಕ ಇದೆ. ನಿಮ್ಮಲ್ಲಿ ರಾಸು ಎಷ್ಟು ಅಂತ ಡೈರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಲೆಕ್ಕ ಬರೆದಿಡಿ. ತಹಸೀಲ್ದಾರರಿಗೆ ಅರ್ಜಿ ಕೊಟ್ಟು ಅಳತೆ ಮಾಡಿಸಿ, ಗಡಿಗೆ ಕಲ್ಲು ಹಾಕಿಸಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಯಲ್ಲಿ ಒಂದು ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲೆ ಎಂಬ ಪುಸ್ತಕ ಇರಬೇಕು. ಆ ಹಿರಿಯರು ಹೇಳಿದ ಹನ್ನೊಂದು ಹುಲ್ಲು, ಮುತ್ತುಗ, ತುಗ್ಗಲಿ, ದಿಣ್ಣೆಯ ಮೇಲೆ ಕೂಗುವ ಹಕ್ಕಿ, ಎಲ್ಲ ಅದರಲ್ಲಿ ಬರೆಸಿ. ಇದು ಪಾಳಲ್ಲ, ಇದಕ್ಕೆ ಇಷ್ಟು ಹೆಸರಿದೆ ಅಂತ ಪುಸ್ತಕ ಹೇಳಲಿ.

ಕಡೆಯದಾಗಿ, ಯಾರು ನೋಡಿಕೊಳ್ಳುವುದು? ಹುಲ್ಲು ಹೊರುವವರೇ ನೋಡಿಕೊಳ್ಳಲಿ. ಸಮಿತಿ ಮಾಡಿದರೆ ಅರ್ಧಕ್ಕಿಂತ ಹೆಚ್ಚು ಹೆಂಗಸರಿರಲಿ. ಯಾವ ಪಾಲಿಗೆ ಯಾವಾಗ ಬಿಡುವು ಎಂದು ಅವರೇ ತೀರ್ಮಾನಿಸಲಿ. ಕುರಿ, ಮೇಕೆ ಇರುವವರನ್ನೂ, ಡೈರಿಗೆ ಹಾಲು ಹಾಕದವರನ್ನೂ ಬಿಡಬೇಡಿ. ಬೇಲಿ ಹಾಕಿ ಬಡವರ ಮೇಕೆ ಹೊರಗಿಟ್ಟರೆ ಆ ಬೇಲಿ ಒಂದು ವರ್ಷ ನಿಲ್ಲುವುದಿಲ್ಲ, ನಿಲ್ಲಲೂಬಾರದು.

ನಮ್ಮ ಕೋರಿಕೆ ಇಷ್ಟು. ಬೆಳ್ಳಿಹಬ್ಬಕ್ಕೆ ಎರಡು ಸಾವಿರ ಸಸಿಯ ಬದಲು ಇನ್ನೂರು ಮರ ಅಂತ ಸಂಕಲ್ಪ ಮಾಡಿ. ಅದರಲ್ಲಿ ನೂರು ಈಗಾಗಲೇ ನೆಲದಲ್ಲಿರುವ ಮೋಟುಗಳಾಗಲಿ. ಸಸಿಗೆಂದು ಎತ್ತಿಟ್ಟ ಹಣವನ್ನು ಕಳೆ ಕೀಳುವ ಕೂಲಿಗೂ ಕಾವಲುಗಾರನ ಸಂಬಳಕ್ಕೂ ಇಡಿ. ಫೋಟೋದಲ್ಲಿ ಇದು ಚೆನ್ನಾಗಿ ಕಾಣುವುದಿಲ್ಲ, ಮೊದಲ ಎರಡು ವರ್ಷ ಏನೂ ಕಾಣುವುದಿಲ್ಲ. ಹೋಗಿ ಬರುವವರು ನಗುತ್ತಾರೆ. ಸಂಘ ಕಟ್ಟಿದ ಮೊದಲ ವರ್ಷ, ನಾಲ್ಕು ಲೀಟರು ಹಾಲಿಗೆ ಒಂದು ಡೈರಿ ಬೇರೆ ಕೇಡು ಅಂತ ನಿಮ್ಮನ್ನೂ ನೋಡಿ ನಕ್ಕಿದ್ದರಂತೆ. ಇವತ್ತು ಇದೇ ಪೆಂಡಾಲಿನಲ್ಲಿ ಅವರೂ ಕುಳಿತಿದ್ದಾರೆ.

ನಾವು ತ್ಯಾಗರಾಜನಗರದ ಗೆಳೆಯರು ಮುಂದಿನ ಐದು ವರ್ಷ ಪ್ರತಿ ದೀಪಾವಳಿ ಕಳೆದ ಮೇಲೆ ಬಂದು ನಿಮ್ಮ ಜೊತೆ ಲಂಟಾನ ಕೀಳುತ್ತೇವೆ. ವಯಸ್ಸಾಗಿದೆ, ಹೆಚ್ಚು ಕೆಲಸ ಆಗಲಿಕ್ಕಿಲ್ಲ. ನಾವು ಕೆಡಿಸಿದ ಆ ಕಾವಲಿನ ಅಜ್ಜ ಈಗಿಲ್ಲ. ಅವರಿಗೆ ಅಲ್ಲಿ ಕೊಡಲಾಗದ ಉತ್ತರವನ್ನು ಇಲ್ಲಿಯಾದರೂ ಕೊಟ್ಟೇವು ಎಂಬ ಆಸೆ ನಮ್ಮದು.

 ನಿಮ್ಮ ಸಂಘ ಚಿನ್ನದ ಹಬ್ಬವನ್ನೂ ಆಚರಿಸಲಿ, ಅವತ್ತು ನಿಮ್ಮ ಮೊಮ್ಮಕ್ಕಳು ಹನ್ನೊಂದೂ ಹುಲ್ಲಿನ ಹೆಸರು ಹೇಳಲಿ.